ಎಳೆಯರ ಬರೆವಣಿಗೆ

ನಾಲ್ಕನೆಯ ತರಗತಿಯ ಮಕ್ಕಳಿಗೆ ಹಸುವನ್ನು ಕುರಿತು ಹತ್ತು ವಾಕ್ಯ ಬರೆಯಿರೆಂದು ಹೇಳಿದರೆ, ನಮ್ಮ ನಾಡಿನ ಯಾವ ಊರಿನ ಶಾಲೆಯಲ್ಲಿಯೇ ಆಗಲಿ, ಕೈಗೆ ಬರುವ ಪ್ರಬಂಧ ಬಹುಮಟ್ಟಿಗೆ ಒಂದೇ: ಹಸು ಒಂದು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲುಗಳಿವೆ, ಎರಡು ಕೊಂಬುಗಳಿವೆ, ಅದು ಹುಲ್ಲು ತಿನ್ನುತ್ತದೆ, ಅದು ನಮಗೆ ಹಾಲು ಕೊಡುತ್ತದೆ. ಹೀಗೆ ಬರೆದ ಬಾಲಕಿ ಅದೇ ದಿನ ಮುಂಜಾನೆ ಕೊಟ್ಟಿಗೆಯ ಸಗಣಿ ಬಾಚಿ, ಕರುವಿನ ಕಣ್ಣಿ ಬಿಚ್ಚಿ, ಒದೆಯುವ ಹಸುವಿನ ಮುಂದೆ ಹಿಂಡಿಯ ಬುಟ್ಟಿ ಇಟ್ಟು, ತಾಯಿ ಹಾಲು ಕರೆದು ಮುಗಿಸುವವರೆಗೂ ಅದರ ಗಂಗೆದೊಗಲು ತುರಿಸುತ್ತ ನಿಂತು ಬಂದವಳಾಗಿರಬಹುದು. ಆ ಹಸುವಿಗೆ ಒಂದು ಹೆಸರಿದೆ. ಅದಕ್ಕೆ ಸಿಟ್ಟು ಬಂದಾಗ ಕಿವಿ ಹೇಗೆ ನಿಲ್ಲುತ್ತದೆಂಬುದು ಅವಳಿಗೆ ಗೊತ್ತು. ಅದರ ಹಿಂದಿನ ಕರು ಸತ್ತ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲವೆಂಬುದು ಅವಳ ನೆನಪಿನಲ್ಲಿದೆ. ಶಾಲೆಯ ದಾರಿಯಲ್ಲಿ ಗೆಳತಿಗೆ ಇದನ್ನೆಲ್ಲ ಕಣ್ಣಿಗೆ ಕಟ್ಟುವಂತೆ ಹೇಳಬಲ್ಲ ಆ ಬಾಲೆ, ಪುಸ್ತಕ ತೆರೆದು ಪೆನ್ಸಿಲು ಹಿಡಿದೊಡನೆ, ಹುಟ್ಟಿದಂದಿನಿಂದ ಹಸುವನ್ನೇ ಕಾಣದವರು ಬರೆಯಬಹುದಾದ ಮಾತುಗಳನ್ನು ಬರೆದು ಸುಮ್ಮನಾಗುತ್ತಾಳೆ. ಇದನ್ನು ಅವಳ ಬುದ್ಧಿಯ ಕೊರತೆಯೆಂದು ಬಗೆಯುವುದು ಘೋರವಾದ ಅನ್ಯಾಯ. ಬರೆವಣಿಗೆಯೆಂದರೆ ಹೀಗೆಯೇ ಇರತಕ್ಕದ್ದೆಂದು ಅವಳಿಗೆ ನಾಲ್ಕು ವರ್ಷ ಕಲಿಸಿದವರು ನಾವು.

ಬರೆವಣಿಗೆಯೆಂಬ ಒಂದೇ ಹೆಸರಿನೊಳಗೆ ಎರಡು ವಿದ್ಯೆಗಳು ಅಡಗಿವೆ. ಲಿಪಿಯನ್ನು ಕೈಗೆ ತಂದುಕೊಳ್ಳುವುದು ಒಂದು. ಮನಸ್ಸಿನಲ್ಲಿರುವುದನ್ನು, ಎದುರಿಗೆ ಇಲ್ಲದ ಒಬ್ಬರಿಗೆ ತಿಳಿಯುವಂತೆ, ವಾಕ್ಯಗಳಾಗಿ ಕಟ್ಟುವುದು ಮತ್ತೊಂದು. ಮೊದಲನೆಯದನ್ನು ನಮ್ಮವರು ಪರಂಪರೆಯಿಂದ ಶ್ರದ್ಧೆಯಿಂದಲೇ ಕಲಿಸುತ್ತ ಬಂದಿದ್ದಾರೆ. ಎರಡನೆಯದು ಮೊದಲನೆಯದರ ಬೆನ್ನಿಗೆ ತಾನಾಗಿಯೇ ಬಂದೀತೆಂದು ನಂಬಿ, ಅದಕ್ಕೆ ಪ್ರತ್ಯೇಕವಾದ ಹೊತ್ತನ್ನಾಗಲಿ ಉಪಾಯವನ್ನಾಗಲಿ ಗೊತ್ತುಮಾಡದೆ ಬಿಟ್ಟಿದ್ದೇವೆ. ಮಗು ಅಕ್ಷರವನ್ನು ತಿದ್ದಲು ತೊಡಗಿದ ಮೊದಲ ವಾರದಿಂದಲೇ ತನ್ನದೊಂದು ಮಾತನ್ನು ಬರೆದು ಬೇರೊಬ್ಬರಿಗೆ ಮುಟ್ಟಿಸುವ ಅನುಭವವನ್ನೂ ಪಡೆಯಬೇಕೆಂಬುದು, ಇವೆರಡೂ ಕೂಡಿಯೇ ಬೆಳೆಯತಕ್ಕವೆಂಬುದು, ಈ ಲೇಖನದಲ್ಲಿ ನಾನು ಪ್ರತಿಪಾದಿಸಬೇಕೆಂದಿರುವ ವಿಷಯ.

ಹಿಂದಿನವರು ಕಲಿಸಿದ ರೀತಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕೂಲಿಮಠಗಳಲ್ಲಿ ಮಕ್ಕಳು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ತಿದ್ದಿ, ಅನಂತರ ಹಲಗೆಗೂ, ಇದ್ದಿಲಿನ ಮಸಿ ಬಳಿದು ಗಟ್ಟಿಮಾಡಿದ ಬಟ್ಟೆಯ ಕಡತಕ್ಕೂ ಬಳಪ ಹಿಡಿದು ಬರುತ್ತಿದ್ದರು. 1623ರಲ್ಲಿ ಇಕ್ಕೇರಿಯ ಕಡೆಗೆ ಪ್ರಯಾಣ ಮಾಡುತ್ತಿದ್ದ ಇಟಲಿಯ ಪಿಯೆತ್ರೊ ದೆಲ್ಲ ವಾಲ್ಲೆ ಎಂಬ ಪ್ರವಾಸಿ, ದಾರಿಯ ಒಂದು ದೇವಾಲಯದ ಜಗುಲಿಯಲ್ಲಿ ನಾಲ್ವರು ಹುಡುಗರು ಮರಳಿನ ಮೇಲೆ ಬೆರಳಿನಿಂದ ಬರೆಯುತ್ತ, ಬರೆದುದನ್ನು ರಾಗವಾಗಿ ಹಾಡುತ್ತ, ಗಣಿತ ಕಲಿಯುತ್ತಿದ್ದುದನ್ನು ಕಂಡು ತನ್ನ ಪತ್ರದಲ್ಲಿ ವಿವರವಾಗಿ ಬರೆದಿದ್ದಾನೆ. ಉಪಾಧ್ಯಾಯರಿಲ್ಲದೆ ಕುಳಿತಿರುವಿರಲ್ಲ, ತಪ್ಪಿದರೆ ತಿದ್ದುವವರು ಯಾರು ಎಂದು ಅವನು ಕೇಳಿದನಂತೆ. ನಾಲ್ವರೂ ಏಕಕಾಲದಲ್ಲಿ ಒಂದೇ ಸ್ಥಳದಲ್ಲಿ ತಪ್ಪುವುದು ಸಾಧ್ಯವಿಲ್ಲ, ಒಬ್ಬನು ತಪ್ಪಿದರೆ ಮಿಕ್ಕವರು ತಿದ್ದುತ್ತೇವೆ ಎಂಬ ಅರ್ಥದ ಉತ್ತರವನ್ನು ಆ ಹುಡುಗರು ಕೊಟ್ಟರಂತೆ. ನಾಲ್ಕು ಶತಮಾನಗಳ ಹಿಂದೆ ಮಲೆನಾಡಿನ ಹುಡುಗರು ಕೊಟ್ಟ ಈ ಉತ್ತರದಲ್ಲಿ ಇರುವಷ್ಟು ಬೋಧನಾತತ್ತ್ವ ಎಷ್ಟೋ ಗ್ರಂಥಗಳಲ್ಲಿಯೂ ಇಲ್ಲವೆಂದು ನನಗೆ ತೋರುತ್ತದೆ. ಮುಂದೆ 18ನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇಲ್ಲಿಯ ಮಕ್ಕಳು ಮರಳಿನಲ್ಲಿ ಬರೆದು ಕಲಿಯುವುದನ್ನು ಕಂಡು, ಅದನ್ನೂ ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಪದ್ಧತಿಯನ್ನೂ ಕೂಡಿಸಿ, ಸ್ವದೇಶಕ್ಕೆ ಮರಳಿ 1797ರಲ್ಲಿ ಪುಸ್ತಕ ಬರೆದನು; ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಮರಳಿನ ಹಲಗೆ ಕಾಣಿಸಿಕೊಂಡುದು ಹೀಗೆ.

ಮರಳಿಗೆ ಒಂದು ವಿಶೇಷ ಗುಣವುಂಟು. ಅಲ್ಲಿ ಬರೆದ ತಪ್ಪು ಉಳಿಯುವುದಿಲ್ಲ. ಅಂಗೈಯಿಂದ ಸವರಿದರೆ ಮಗು ಪುನಃ ಮೊದಲಿನಿಂದ ತೊಡಗಬಹುದು. ಜೊತೆಗೆ, ಬೆರಳ ತುದಿಗೆ ಮರಳಿನ ಸ್ಪರ್ಶವಾಗುವುದರಿಂದ ಅಕ್ಷರದ ಆಕಾರ ಕಣ್ಣಿನಿಂದ ಮಾತ್ರವಲ್ಲದೆ ಚರ್ಮದಿಂದಲೂ ಮನಸ್ಸನ್ನು ಸೇರುತ್ತದೆ. 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಶಿಶುಗೃಹವನ್ನು ತೆರೆದ ಮಾರಿಯಾ ಮಾಂಟೆಸೋರಿಯವರು ಮಕ್ಕಳಿಗೆ ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಬೆರಳಾಡಿಸಲು ಕಲಿಸಿದುದು ಇದೇ ಕಾರಣದಿಂದ. ಹಾಗೆ ಕಲಿತ ಮಕ್ಕಳು ಓದುವುದಕ್ಕೆ ಮುಂಚೆಯೇ ಬರೆಯತೊಡಗಿದುದು ಅವರಿಗೇ ಆಶ್ಚರ್ಯವನ್ನುಂಟುಮಾಡಿತು. ಓದು ಮೊದಲು, ಬರೆಹ ಆಮೇಲೆ ಎಂಬ ನಮ್ಮ ನಂಬಿಕೆ ಸರ್ವತ್ರ ಸತ್ಯವಲ್ಲ. ಮಾತನ್ನು ಧ್ವನಿಗಳಾಗಿ ಬಿಡಿಸಿ, ಒಂದೊಂದು ಧ್ವನಿಗೂ ಗುರುತು ಹಾಕುವ ಮಗು, ಆ ಗುರುತುಗಳನ್ನು ಓದುವುದನ್ನೂ ತನಗರಿವಿಲ್ಲದೆಯೇ ಕಲಿಯುತ್ತಿರುತ್ತದೆ.

ನಮ್ಮ ಲಿಪಿಯ ವಿಷಯದಲ್ಲಿ ಕೈಯ ಕೆಲಸವನ್ನು ಲಘುವಾಗಿ ಕಾಣುವಂತಿಲ್ಲ. 13 ಸ್ವರ, 34 ವ್ಯಂಜನ, 2 ಯೋಗವಾಹ, ಹೀಗೆ ವರ್ಣಮಾಲೆಯಲ್ಲಿ 49 ಅಕ್ಷರಗಳು. ವ್ಯಂಜನಗಳಿಗೆ ಸ್ವರಗಳು ಕೂಡಿದಾಗ ಹುಟ್ಟುವ ಗುಣಿತಾಕ್ಷರಗಳು 442. ತಲೆಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ, ಓತ್ವಗಳನ್ನು ಮಗು ಹಾಡಿ ಹಾಡಿ ಕಲಿಯುವುದು ಇವನ್ನು. ಅದರ ಮೇಲೆ ಒತ್ತಕ್ಷರಗಳ ಸಾಲು. ಓಲೆಗರಿಯ ಮೇಲೆ ಕಂಟದಿಂದ ನೇರವಾದ ಗೆರೆ ಎಳೆದರೆ ಗರಿ ಸೀಳುವುದರಿಂದ ದಕ್ಷಿಣದ ಲಿಪಿಗಳು ದುಂಡಾದುವೆಂದು ಬಲ್ಲವರು ಹೇಳುವುದುಂಟು. ಕಾರಣ ಏನೇ ಇರಲಿ, ಈ ದುಂಡುತನ ಆರು ವರ್ಷದ ಮಣಿಕಟ್ಟಿಗೆ ಸುಲಭವಾದುದಲ್ಲ. ಅಕ್ಷರಕ್ಕೆ ಮೊದಲು ವೃತ್ತ, ಅರ್ಧವೃತ್ತ, ಸುರುಳಿ, ಅಲೆಗಳನ್ನು ಎಳೆಯಿಸಿ ಕೈಯನ್ನು ಪಳಗಿಸಬೇಕು. ಮನೆಯ ಅಂಗಳದಲ್ಲಿ ಚುಕ್ಕಿಯಿಟ್ಟು ಬಳ್ಳಿ ಸುತ್ತುವ ರಂಗೋಲಿಯನ್ನು ಅಕ್ಕಂದಿರಿಂದ ಕಲಿತ ಹುಡುಗಿಯರ ಅಕ್ಷರ ಬೇಗನೆ ದುಂಡಾಗುವುದನ್ನು ಎಷ್ಟೋ ಮಂದಿ ಉಪಾಧ್ಯಾಯರು ಗಮನಿಸಿರಬಹುದು. ಈ ವಿದ್ಯೆಯನ್ನು ಹುಡುಗರಿಂದ ದೂರವಿಡಬೇಕಾದ ಕಾರಣವೇ ಇಲ್ಲ.

ಅಕ್ಷರಗಳನ್ನು ಯಾವ ಕ್ರಮದಲ್ಲಿ ಕಲಿಸಬೇಕೆಂಬುದು ಇದಕ್ಕಿಂತ ಗಹನವಾದ ಪ್ರಶ್ನೆ. ಅ, ಆ, ಇ, ಈ ಎಂಬ ವರ್ಣಮಾಲೆಯ ಕ್ರಮ ವ್ಯಾಕರಣಜ್ಞರ ಪ್ರತಿಭೆಗೆ ಸಾಕ್ಷಿಯಾದುದು. ಧ್ವನಿಗಳು ಹುಟ್ಟುವ ಸ್ಥಾನವನ್ನು ಅನುಸರಿಸಿ ಅವುಗಳನ್ನು ಅಷ್ಟು ವಿವೇಕದಿಂದ ಜೋಡಿಸಿದ ವ್ಯವಸ್ಥೆ ಜಗತ್ತಿನಲ್ಲಿಯೇ ವಿರಳ. ಆದರೆ ಅದು ಭಾಷೆಯನ್ನು ಬಲ್ಲವನು ಭಾಷೆಯನ್ನು ಪರೀಕ್ಷಿಸಿ ಕಂಡುಕೊಂಡ ಕ್ರಮವೇ ಹೊರತು, ಏನನ್ನೂ ಬರೆಯಲರಿಯದ ಮಗು ಬರೆಯತೊಡಗಬೇಕಾದ ಕ್ರಮವಲ್ಲ. ಸ್ವರಗಳನ್ನೆಲ್ಲ ಕಲಿತು ಮುಗಿಸಿದ ಮಗುವಿಗೆ ಅವುಗಳಿಂದ ಬರೆಯಬಹುದಾದ ಪದಗಳೇ ಇಲ್ಲವೆಂದರೂ ನಡೆದೀತು. ಈ ಕಷ್ಟವನ್ನು ಕಂಡೇ, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ ಬೇರೊಂದು ದಾರಿಯನ್ನು ಹಿಡಿಯಿತು. ಆಂಧ್ರಪ್ರದೇಶದ ಋಷಿವ್ಯಾಲಿಯ ಗ್ರಾಮಶಾಲೆಗಳನ್ನು ನೋಡಿಬಂದ ಅಲ್ಲಿಯ ಉಪಾಧ್ಯಾಯರು, ಬರೆಯಲು ಸುಲಭವಾದ, ರೂಪದಲ್ಲಿ ಒಂದಕ್ಕೊಂದು ಹತ್ತಿರವಾದ, ಕೂಡಿಸಿದೊಡನೆ ಪದವಾಗುವ ಅಕ್ಷರಗಳನ್ನು ಮೊದಲು ಆರಿಸಿಕೊಂಡರು. ರ, ಗ, ಸ, ದ, ಅ ಎಂಬ ಐದು ಅಕ್ಷರಗಳು ಕೈಗೆ ಬಂದೊಡನೆ ಮಗು ಸರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ಸ್ವತಃ ಬರೆದು ಓದಬಲ್ಲುದು. ನೆಲದಲ್ಲಿ ಕುಳಿತ ಮಗುವಿನ ಕೈಗೆ ಎಟಕುವಂತೆ ಗೋಡೆಯ ಕೆಳಭಾಗದುದ್ದಕ್ಕೂ ಕಪ್ಪುಹಲಗೆ, ಒಬ್ಬೊಬ್ಬರೂ ತಮ್ಮ ತಮ್ಮ ವೇಗದಲ್ಲಿ ಹತ್ತುವ ಕಲಿಕಾ ಏಣಿ, ಮೇಲೆ ಮಕ್ಕಳ ಕೈಕೆಲಸ ತೂಗುವ ಚಪ್ಪರ, ಇವೆಲ್ಲ ಆ ಕೊಠಡಿಗಳಿಗೆ ಬಂದುವು. 2009-10ರ ಹೊತ್ತಿಗೆ ಈ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹಬ್ಬಿತು. ಅಕ್ಷರವನ್ನು ಪದದೊಳಗೆ, ಪದವನ್ನು ಅರ್ಥದೊಳಗೆ ಕಾಣಿಸಿದ ಈ ಪ್ರಯತ್ನಕ್ಕೆ ನಾನು ಮನಃಪೂರ್ವಕವಾದ ಗೌರವವನ್ನು ಸಲ್ಲಿಸುತ್ತೇನೆ.

ಹಾಗಿದ್ದರೂ ಇಲ್ಲಿ ಒಂದು ಕೊರತೆ ಉಳಿದಿದೆ. ಅದು ಯಾವ ಒಂದು ಪದ್ಧತಿಯ ದೋಷವೂ ಅಲ್ಲ, ನಮ್ಮ ಲಿಪಿಯ ಸ್ವಭಾವದಿಂದಲೇ ಬಂದುದು. ಮಗುವಿಗೆ ಅತ್ಯಂತ ಪ್ರಿಯವಾದ ಪದಗಳು ಯಾವುವೆಂದು ಸ್ವಲ್ಪ ಯೋಚಿಸಿ ನೋಡಿರಿ: ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ, ತಮ್ಮ, ರೊಟ್ಟಿ, ಮುದ್ದೆ, ಬೆಲ್ಲ, ಬೆಕ್ಕು, ಹಬ್ಬ. ಇವುಗಳಲ್ಲಿ ಒತ್ತಕ್ಷರವಿಲ್ಲದ ಪದ ಒಂದೂ ಇಲ್ಲ. ನನ್ನ, ನಮ್ಮ ಎಂಬ ಪದಗಳಲ್ಲಿಯೂ ಅದುಂಟು. ಒತ್ತಕ್ಷರವಾದರೋ ನಮ್ಮ ಪಾಠಕ್ರಮದಲ್ಲಿ ಸರಳಾಕ್ಷರ, ಗುಣಿತಾಕ್ಷರಗಳೆಲ್ಲ ಮುಗಿದ ಮೇಲೆ ಕಟ್ಟಕಡೆಯಲ್ಲಿ ಬರತಕ್ಕದ್ದು. ಆದುದರಿಂದ ಅರಸನನ್ನೂ ಗರಗಸವನ್ನೂ ತಪ್ಪಿಲ್ಲದೆ ಬರೆಯಬಲ್ಲ ಮಗು ತನ್ನ ತಾಯಿಯನ್ನು ಕುರಿತು ಒಂದು ಮಾತನ್ನು ಬರೆಯಬೇಕಾದರೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಈ ನಿರೀಕ್ಷೆಯ ಅವಧಿಯಲ್ಲಿಯೇ, ಬರೆಹವೆಂಬುದು ತನ್ನ ಮನೆಗೂ ಮನಸ್ಸಿಗೂ ಸಂಬಂಧವಿಲ್ಲದ, ಶಾಲೆಗೆ ಸೇರಿದ ಒಂದು ಕಸುಬೆಂಬ ಭಾವನೆ ಅದರ ಎದೆಯಲ್ಲಿ ಬೇರೂರುತ್ತದೆಯೆಂದು ನಾನು ತಿಳಿದಿದ್ದೇನೆ. ಹಸುವಿನ ಪ್ರಬಂಧದ ಬೀಜ ಇರುವುದು ಇಲ್ಲಿ.

ಇದಕ್ಕೆ ಪರಿಹಾರ ಕಷ್ಟವಾದುದೇನಲ್ಲ. ನ್ಯೂಜಿಲೆಂಡಿನಲ್ಲಿ ಮಾವೊರಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಸಿಲ್ವಿಯಾ ಆಷ್ಟನ್-ವಾರ್ನರ್ ಎಂಬ ಉಪಾಧ್ಯಾಯಿನಿ ಪ್ರತಿದಿನ ಒಂದೊಂದು ಮಗುವನ್ನೂ ಹತ್ತಿರ ಕರೆದು, ಇಂದು ನಿನಗೆ ಯಾವ ಪದ ಬೇಕು ಎಂದು ಕೇಳುತ್ತಿದ್ದರು. ಮಗು ಹೇಳಿದ ಪದವನ್ನು ಗಟ್ಟಿಕಾಗದದ ಮೇಲೆ ದೊಡ್ಡದಾಗಿ ಬರೆದು ಅದರ ಕೈಗೇ ಕೊಡುತ್ತಿದ್ದರು. ಪ್ರೀತಿಯ ಪದ, ಭಯದ ಪದ, ಇವನ್ನು ಮಕ್ಕಳು ಒಂದೇ ನೋಟಕ್ಕೆ ಕಲಿತರೆಂದೂ, ಪಠ್ಯಪುಸ್ತಕದ ನಿರ್ಜೀವ ಪದಗಳನ್ನು ಎಷ್ಟು ಸಲ ಹೇಳಿಕೊಟ್ಟರೂ ಮರೆತರೆಂದೂ ಅವರು 1963ರಲ್ಲಿ ಪ್ರಕಟವಾದ ತಮ್ಮ ‘ಟೀಚರ್’ ಎಂಬ ಗ್ರಂಥದಲ್ಲಿ ನಿರೂಪಿಸಿದ್ದಾರೆ. ನಮ್ಮಲ್ಲಿಯೂ ಒತ್ತಕ್ಷರದ ಪಾಠ ತನ್ನ ಸರದಿಯಲ್ಲಿ ಬರಲಿ. ಆದರೆ ಅಮ್ಮ, ಅಪ್ಪ, ನನ್ನ ಎಂಬ ಪದಗಳನ್ನು, ಅವುಗಳ ಜೊತೆಗೆ ಮಗುವಿನ ಹೆಸರನ್ನೂ ಅದರ ಊರಿನ ಹೆಸರನ್ನೂ, ಬಿಡಿಸದೆ ಇಡಿಯಾಗಿ, ಚಿತ್ರವನ್ನು ಕೊಡುವಂತೆ, ಮೊದಲ ತಿಂಗಳಲ್ಲಿಯೇ ಕೊಟ್ಟುಬಿಡಬೇಕು. ಮಗು ‘ಅಮ’ ಎಂದು ಬರೆದರೆ ಒತ್ತು ಬಿಟ್ಟಿತೆಂದು ಗೀಟು ಹಾಕಬೇಕಾಗಿಲ್ಲ. ಪಕ್ಕದಲ್ಲಿ ‘ಅಮ್ಮ’ ಎಂದು ಅಂದವಾಗಿ ಬರೆದುಕೊಟ್ಟರೆ ಸಾಕು. ತಾಯಿಯ ಹೆಸರಿನ ಆಸೆಯಿಂದಲೇ ಒತ್ತು ಕೈಗೆ ಬರುತ್ತದೆ.

ಮಕ್ಕಳ ತಪ್ಪುಗಳನ್ನು ಕುರಿತು ಇಲ್ಲಿ ಇನ್ನಷ್ಟು ಹೇಳಬೇಕು. ಹಳೆಯ ಮೈಸೂರಿನ ಹಳ್ಳಿಯ ಹುಡುಗ ‘ಆಲು ಕುಡಿದೆ’ ಎಂದು ಬರೆಯುವುದು ಅಲಕ್ಷ್ಯದಿಂದಲ್ಲ. ಅವನ ಮನೆಯಲ್ಲಿ ಹಾಲು ಆಲೇ ಆಗಿದೆ, ಅವನು ಕಿವಿಗೆ ಕೇಳಿದುದನ್ನು ಪ್ರಾಮಾಣಿಕವಾಗಿ ಬರೆದಿದ್ದಾನೆ. ‘ಸೂರ್ಯ’ ಎಂಬ ಪದದಲ್ಲಿ ಕಿವಿಗೆ ಮೊದಲು ಕೇಳುವುದು ರಕಾರ, ಕೈ ಮೊದಲು ಬರೆಯಬೇಕಾದುದು ಯಕಾರ, ಅರ್ಕಾವೊತ್ತು ಆಮೇಲೆ. ಮಗು ರಕಾರವನ್ನೇ ಮೊದಲು ಬರೆದು ಅದಕ್ಕೆ ಯಕಾರದ ಒತ್ತು ಕೊಟ್ಟರೆ ಅದು ತರ್ಕಶುದ್ಧವಾದ ತಪ್ಪು. ಅಂಥ ರೂಪವನ್ನು ಮುದ್ರಿಸಿದವರೂ ಉಂಟು. ಭಾಷೆ ಎಂಬುದನ್ನು ‘ಬಾಶೆ’ ಎಂದು ಬರೆದ ಮಗುವನ್ನು ಬಯ್ಯುವ ಮುನ್ನ, ಮಹಾಪ್ರಾಣಾಕ್ಷರಗಳು ಕನ್ನಡಿಗರ ಉಚ್ಚಾರಣೆಯಲ್ಲಿಲ್ಲದಿರುವುದರಿಂದ ಅವು ಬರೆಹದಲ್ಲಿಯೂ ಬೇಡವೆಂದು ಡಿ. ಎನ್. ಶಂಕರ ಭಟ್ಟರಂಥ ಭಾಷಾವಿದ್ವಾಂಸರೇ ವಾದಿಸಿರುವುದನ್ನು ನೆನೆಯಬೇಕು. ಆ ವಾದವನ್ನು ನಾನು ಒಪ್ಪುವವನಲ್ಲ. ಸಾವಿರ ವರ್ಷಗಳ ಸಾಹಿತ್ಯದೊಡನೆ ನಮ್ಮನ್ನು ಬಂಧಿಸಿರುವ ಲಿಪಿಯನ್ನು ಇಡಿಯಾಗಿ ಮಕ್ಕಳಿಗೆ ಒಪ್ಪಿಸುವುದು ನಮ್ಮ ಕರ್ತವ್ಯ. ಆದರೂ ಆ ತಪ್ಪಿನ ಹಿಂದೆ ಕಿವಿಯ ಸಾಕ್ಷ್ಯವಿದೆಯೆಂಬುದನ್ನು ಅಲ್ಲಗಳೆಯಲಾರೆ. ಮನೆಯಲ್ಲಿ ತುಳುವನ್ನೋ ಉರ್ದುವನ್ನೋ ಲಂಬಾಣಿಯನ್ನೋ ಆಡುವ ಮಗುವಿನ ಶ್ರಮವಂತೂ ಇಮ್ಮಡಿ. ಹೆಗ್ಗಡದೇವನಕೋಟೆಯ ಕಾಡಂಚಿನ ಜೇನುಕುರುಬರ ಹಾಡಿಯಿಂದ ಬರುವ ಮಗು ಬರೆಯುವುದಕ್ಕೆ ಮೊದಲು ಶಾಲೆಯ ಕನ್ನಡವನ್ನೇ ಕಲಿಯಬೇಕು. ಇಂಥ ಮಗುವಿಗೆ ಮನೆಯ ಮಾತಿನಲ್ಲಿಯೇ ಹೇಳು, ಕನ್ನಡದ ಅಕ್ಷರದಲ್ಲಿ ಬರೆಯೋಣ ಎಂದು ಉಪಾಧ್ಯಾಯರು ಹೇಳಿದರೆ, ಅದರ ಮುಖ ಅರಳುವುದನ್ನು ನೋಡಬೇಕು.

ಮಕ್ಕಳಿಗೆ ಹೇಳುವುದಕ್ಕೇನಿದೆಯೆಂದು ಸಂಶಯಪಡುವವರು ಟಾಲ್‌ಸ್ಟಾಯ್ ಬರೆದಿಟ್ಟ ಒಂದು ವೃತ್ತಾಂತವನ್ನು ತಿಳಿಯಬೇಕು. ಯಾಸ್ನಯ ಪೊಲ್ಯಾನದ ತನ್ನ ಜಮೀನಿನಲ್ಲಿ ರೈತರ ಮಕ್ಕಳಿಗಾಗಿ ಶಾಲೆ ನಡೆಸುತ್ತಿದ್ದ ಆ ಮಹಾಲೇಖಕ, ಒಂದು ಗಾದೆಯನ್ನು ಕೊಟ್ಟು ಅದರ ಮೇಲೆ ಕಥೆ ಬರೆಯಿರೆಂದು ಮಕ್ಕಳಿಗೆ ಹೇಳಿದನು. ಅವರು ಕೈಲಾಗದೆಂದಾಗ ತಾನೇ ಬರೆಯತೊಡಗಿದನು. ಮಕ್ಕಳು ಸುತ್ತ ನಿಂತು ಓದಿ, ಇದು ಹೀಗಲ್ಲ, ಹಾಗೆ ಎಂದು ತಿದ್ದತೊಡಗಿದರು. ಕೊನೆಗೆ ಫೆದ್ಕ, ಸ್ಯೋಮ್ಕ ಎಂಬ ಇಬ್ಬರು ಹುಡುಗರು ಕಥೆ ಹೇಳುತ್ತ, ಅವನು ಬರೆದುಕೊಳ್ಳುತ್ತ ರಾತ್ರಿಯಾಯಿತು. ಒಬ್ಬ ನೆರೆಯವನು ಹೆಂಗಸರ ಕೋಟನ್ನು ಮೈಮೇಲೆ ಎಳೆದುಕೊಂಡು ಹೊರಟನೆಂದು ಫೆದ್ಕ ಹೇಳಿದಾಗ, ಆ ಒಂದು ವಿವರದಿಂದ ಬಡ ರೈತನ ಮನೆಯೇ ಕಣ್ಣ ಮುಂದೆ ನಿಂತಿತೆಂದು ಟಾಲ್‌ಸ್ಟಾಯ್ ಬೆರಗಾದನು. 1862ರಲ್ಲಿ ಆತ ಪ್ರಕಟಿಸಿದ ಲೇಖನದ ಶೀರ್ಷಿಕೆಯೇ ಒಂದು ಪ್ರಶ್ನೆ: ಬರೆಯುವುದನ್ನು ಯಾರಿಂದ ಯಾರು ಕಲಿಯಬೇಕು, ನಮ್ಮಿಂದ ರೈತರ ಮಕ್ಕಳೋ, ಅವರಿಂದ ನಾವೋ ಎಂದು. ಈ ಪ್ರಸಂಗದಲ್ಲಿ ನನ್ನ ಮನಸ್ಸನ್ನು ಹಿಡಿದುದು ಮಕ್ಕಳ ಪ್ರತಿಭೆಗಿಂತಲೂ ಹೆಚ್ಚಾಗಿ ಲೇಖನಿಯನ್ನು ಯಾರು ಹಿಡಿದಿದ್ದರೆಂಬುದು. ಅಕ್ಷರದ ಭಾರವನ್ನು ಹಿರಿಯನು ಹೊತ್ತುದರಿಂದ ಮಕ್ಕಳ ಕಲ್ಪನೆ ಸ್ವತಂತ್ರವಾಯಿತು. ಒಂದನೆಯ ಎರಡನೆಯ ತರಗತಿಗಳಲ್ಲಿ ನಮ್ಮ ಉಪಾಧ್ಯಾಯರೂ ವಾರಕ್ಕೊಮ್ಮೆ ಹೀಗೆ ಮಾಡಬಹುದು. ಮಕ್ಕಳು ಹೇಳಿದ ನಾಲ್ಕು ವಾಕ್ಯಗಳನ್ನು ಕಪ್ಪುಹಲಗೆಯ ಮೇಲೆ ಅವರದೇ ಮಾತಿನಲ್ಲಿ ಬರೆದು, ಅವರಿಂದಲೇ ಓದಿಸಿ, ಯಾವ ಮಾತು ಮೊದಲು ಬರಬೇಕು, ಯಾವುದು ಬೇಡ ಎಂದು ಅವರನ್ನೇ ಕೇಳಿದರೆ, ರಚನೆಯೆಂದರೇನೆಂಬುದು ಅವರಿಗೆ ಅಲ್ಲಿಯೇ ತಿಳಿಯುತ್ತದೆ.

ಮೇಲಿನ ತರಗತಿಗಳಲ್ಲಿ ಎಲ್ಲವೂ ಪ್ರಶ್ನೆಯನ್ನು ಅವಲಂಬಿಸಿದೆ. ‘ಹಸು’ ಎಂಬ ವಿಷಯವನ್ನು ಕೊಟ್ಟರೆ ವಿಷಯವೇ ಮರಳಿ ಬರುತ್ತದೆ. ನಿಮ್ಮ ಮನೆಯ ಹಸು ಯಾರ ಮಾತು ಕೇಳುತ್ತದೆ, ಯಾರ ಮಾತು ಕೇಳುವುದಿಲ್ಲ ಎಂದು ಕೇಳಿದರೆ ಬರೆದೇ ತೀರಬೇಕೆನ್ನುವಷ್ಟು ಸಂಗತಿ ಹೊರಡುತ್ತದೆ. ನಲಿ-ಕಲಿ ಕೊಠಡಿಯಲ್ಲಿ ಮಕ್ಕಳು ದಿನವೂ ಬಿಸಿಲು, ಮೋಡ, ಮಳೆಯೆಂದು ಗುರುತು ಮಾಡುವ ಹವಾಮಾನದ ಪಟ್ಟಿಗೆ ಒಂದು ವಾಕ್ಯದ ಜಾಗವನ್ನು ಸೇರಿಸಬಹುದು. ಮಳೆ ಬಂದುದರಿಂದ ಯಾರ ಮನೆಯಲ್ಲಿ ಏನಾಯಿತೆಂದು ಒಬ್ಬರು ಬರೆಯಲಿ. ಸಂತೆಗೆ ಹೊರಟ ತಂದೆಗೆ ಸಾಮಾನಿನ ಚೀಟಿ ಬರೆಯಲಿ. ಅಜ್ಜಿಯಿಂದ ಕೇಳಿದ ಒಗಟನ್ನು ಬರೆದು, ಉತ್ತರವನ್ನು ಬರೆಯದೆ, ಪಕ್ಕದ ಶಾಲೆಯ ಮಕ್ಕಳಿಗೆ ಕಳಿಸಲಿ. ಈ ಬರೆಹಗಳಿಗೆಲ್ಲ ಒಬ್ಬ ಓದುಗನಿದ್ದಾನೆ. ಅಂಕ ಹಾಕುವುದಕ್ಕೆ ಓದುವವನಲ್ಲ, ತಿಳಿಯುವ ಆಸೆಯಿಂದ ಓದುವವನು. ಚೀಟಿಯಲ್ಲಿ ‘ಬೇಳೆ’ ಎಂದು ಬರೆಯುವ ಕಡೆ ‘ಬಳೆ’ ಎಂದು ಬರೆದ ಹುಡುಗನಿಗೆ ಏತ್ವದ ಬೆಲೆ ಎಷ್ಟೆಂಬುದು ತಂದೆ ಸಂತೆಯಿಂದ ಬಂದ ಸಂಜೆ ತಿಳಿಯುತ್ತದೆ. ಶುದ್ಧವಾದ ಕಾಗುಣಿತವಾಗಲಿ ಅಂದವಾದ ಅಕ್ಷರವಾಗಲಿ ಓದುವವರ ಮೇಲಿನ ಆದರದಿಂದ ಹುಟ್ಟತಕ್ಕವೆಂದು ತಿಳಿದ ಮಗು ಅವೆರಡನ್ನೂ ಬೇಸರಪಡದೆ ಅಭ್ಯಾಸ ಮಾಡುತ್ತದೆ. ಶುದ್ಧಬರೆಹ, ನಕಲುಬರೆಹ, ಉಕ್ತಲೇಖನಗಳನ್ನು ನಾನು ಬೇಡವೆನ್ನುವುದಿಲ್ಲ. ದಿನಕ್ಕೆ ಎರಡು ಗೆರೆಯ ಪುಸ್ತಕದಲ್ಲಿ ಐದು ಸಾಲು ಸಾಕು, ಹತ್ತು ಪುಟ ಬೇಡ. ಬರೆಹವನ್ನು ದಂಡನೆಯಾಗಿ ವಿಧಿಸುವುದಂತೂ, ತಪ್ಪು ಮಾಡಿದವನಿಗೆ ನೂರು ಸಲ ಬರೆಯೆಂದು ಹೇಳುವುದಂತೂ, ಎಂದೂ ಕೂಡದು.

ತಿದ್ದುವ ಕೆಲಸದಲ್ಲಿ ಸಂಯಮ ಬೇಕು. ಪುಟದ ತುಂಬ ಕೆಂಪು ಶಾಯಿ ಹರಿದರೆ, ಮುಂದಿನ ಸಲ ಮಗು ತನಗೆ ಖಚಿತವಾಗಿ ಗೊತ್ತಿರುವ ಪದಗಳನ್ನು ಮಾತ್ರ ಬರೆಯುತ್ತದೆ; ತಪ್ಪು ಕಡಿಮೆಯಾಗುತ್ತದೆ, ಬರೆಹವೂ ಸಾಯುತ್ತದೆ. ಮೊದಲು ಅದು ಹೇಳಿದ ಸಂಗತಿಗೆ ಉತ್ತರ ಕೊಡಬೇಕು: ಆ ಕರು ಆಮೇಲೆ ಏನಾಯಿತು, ಅಜ್ಜಿ ಏನೆಂದರು ಎಂದು ಕೇಳಬೇಕು. ಅನಂತರ ಒಂದು ಬರೆಹದಲ್ಲಿ ಒಂದೇ ಬಗೆಯ ತಪ್ಪನ್ನು, ಈ ವಾರ ದೀರ್ಘ, ಮುಂದಿನ ವಾರ ಒತ್ತು ಎಂದು, ಹಿಡಿದು ತಿದ್ದಿಸಬೇಕು. ಮಕ್ಕಳು ಒಬ್ಬರದನ್ನೊಬ್ಬರು ಓದಿ ತಿದ್ದಿದರೆ ಉಪಾಧ್ಯಾಯರ ಹೊರೆಯೂ ಇಳಿಯುತ್ತದೆ. ಒಂದೇ ಕೊಠಡಿಯಲ್ಲಿ ಮೂರು ತರಗತಿಗಳನ್ನು ಕೂರಿಸಿಕೊಂಡು, ಕಚೇರಿಯ ಪತ್ರಗಳನ್ನೂ ತುಂಬುವ ಉಪಾಧ್ಯಾಯರಿಗೆ ಪ್ರತಿದಿನ ಪ್ರತಿ ಪುಸ್ತಕವನ್ನೂ ನೋಡು ಎನ್ನುವುದು ನ್ಯಾಯವಲ್ಲ. ಐದು ಮಕ್ಕಳ ಬರೆಹವನ್ನು ಚೆನ್ನಾಗಿ ಓದಿದರೆ ಆ ದಿನಕ್ಕೆ ಸಾಕು.

ಇನ್ನೊಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕು. ಈಜಲರಿಯದವನು ದಡದಲ್ಲಿ ನಿಂತು ಈಜು ಕಲಿಸಲಾರನೆಂಬುದು ಎಲ್ಲರೂ ಒಪ್ಪುವ ಮಾತು. ಪಾಠಟಿಪ್ಪಣಿಯನ್ನೂ ವರದಿಯನ್ನೂ ಬಿಟ್ಟರೆ ತಮ್ಮದೆಂಬ ಒಂದು ಪುಟವನ್ನೂ ಬರೆಯದ ಉಪಾಧ್ಯಾಯರು ಬರೆವಣಿಗೆಯನ್ನು ಕಲಿಸಬೇಕೆಂದು ಮಾತ್ರ ನಾವು ನಿರೀಕ್ಷಿಸುತ್ತೇವೆ. ಪ್ರಶ್ನೋತ್ತರಗಳನ್ನು ಹಲಗೆಯ ಮೇಲೆ ಬರೆದು ನಕಲು ಮಾಡಿಸುವುದು ಇಷ್ಟು ವ್ಯಾಪಕವಾಗಿರುವುದಕ್ಕೆ ಅವರಿಗೆ ಬೇರೆ ದಾರಿಯನ್ನು ಯಾರೂ ತೋರಿಸದಿರುವುದೇ ಕಾರಣ. ಪ್ರಾಥಮಿಕ ಶಾಲೆಗಳ ಉಪಾಧ್ಯಾಯರು ಸಮೂಹ ಸಂಪನ್ಮೂಲ ಕೇಂದ್ರಗಳಲ್ಲಿ ಸಮಾಲೋಚನಾ ಸಭೆಗೆಂದು ಸೇರುವ ವಾಡಿಕೆ ಇದ್ದೇ ಇದೆ. ಆ ಸಭೆಯ ಒಂದು ಗಂಟೆಯನ್ನು ಇದಕ್ಕೆಂದು ಮೀಸಲಿಡಬಹುದು. ಒಬ್ಬೊಬ್ಬರೂ ತಮ್ಮ ತರಗತಿಯ ಒಂದು ಮಗುವಿನ ಬರೆಹವನ್ನು, ತಿದ್ದದೆ, ತರಲಿ. ಅದರ ಜೊತೆಗೆ ತಮ್ಮ ಬಾಲ್ಯದ ಒಂದು ಸಂಗತಿಯನ್ನು ಕುರಿತು ತಾವೇ ಬರೆದ ಒಂದು ಪುಟವನ್ನೂ ತರಲಿ. ಎರಡನ್ನೂ ಸಭೆಯಲ್ಲಿ ಗಟ್ಟಿಯಾಗಿ ಓದಲಿ; ಯಾವ ವಾಕ್ಯದಲ್ಲಿ ಜೀವವಿದೆ, ಯಾವುದು ಪಠ್ಯಪುಸ್ತಕದಿಂದ ಬಂದುದೆಂದು ತಮ್ಮೊಳಗೆ ಚರ್ಚಿಸಲಿ. ಇದಕ್ಕೆ ಹೊಸ ಆಜ್ಞೆಯಾಗಲಿ, ಹಣವಾಗಲಿ, ಮುದ್ರಿತ ಸಾಮಗ್ರಿಯಾಗಲಿ ಬೇಕಾಗಿಲ್ಲ. ಮುಂದಿನ ತಿಂಗಳಿನ ಸಭೆಯಲ್ಲಿಯೇ ಆರಂಭಿಸಬಹುದು.